ಹುಳಕ್ಕೆ ಚಾಕಿ ಇದೆ, ಕೋಳಿಮರಿಗೆ ಏನಿದೆ?

ಜಿಲ್ಲೆಯ ಹೆಸರು ಬದಲಾಯಿತು. 2007ರಲ್ಲಿ ರಾಮನಗರ ಜಿಲ್ಲೆಯಾದದ್ದು 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ರಸ್ತೆಯೂ ಬದಲಾಯಿತು. 2023ರಲ್ಲಿ ಮೈಸೂರಿನ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಊರಾಚೆಯಿಂದಲೇ ಹೊರಟುಹೋಯಿತು. ಬದಲಾಗದೆ ಉಳಿದದ್ದು ಹಿತ್ತಲ ಕೋಳಿಮರಿಯ ಹಣೆಬರಹ. ಹತ್ತು ಮರಿ ಎದ್ದರೆ ಹತ್ತೂ ಬೆಳೆದು ದೊಡ್ಡವಾದದ್ದನ್ನು ಕಂಡವರು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಅಪರೂಪ. ಯಾಕಮ್ಮ ಅಂದರೆ ‘ಏನೋ ರೋಗ ಬಂತು, ಹೊಂಟೋದ್ವು’ ಅಂತ ಒಂದೇ ಮಾತು.

ಸಂಪಾದಕರಿಗೆ ಬರೆಯೋಕೆ ಕೋಳಿಮರಿ ಬಿಟ್ಟು ಬೇರೆ ವಿಷಯವೇ ಸಿಗಲಿಲ್ಲವೇ ಅಂತ ಮೂಗು ಮುರಿಯುವವರು ಇದ್ದಾರೆ. ಅಂಥವರಲ್ಲಿ ಅಂಗಡಿ ಇಟ್ಟವರಿದ್ದರೆ ಒಂದು ಲೆಕ್ಕ ಹಾಕಿ ನೋಡಲಿ. ರಾಗಿ ದುಡ್ಡು ವರ್ಷಕ್ಕೊಮ್ಮೆ. ಗೂಡಿನ ದುಡ್ಡು ಬೆಳೆ ಎದ್ದಾಗ. ಹಾಲಿನ ದುಡ್ಡು ಡೇರಿ ಬಟವಾಡೆಯ ದಿನ. ಇವೆಲ್ಲ ಕೈಗೆ ಬರುವ ಮೊದಲೇ ಸಾಲದ ಬಾಬ್ತಿಗೆ ಬರೆದು ಆಗಿರುತ್ತೆ. ಕೋಳಿ ದುಡ್ಡು ಹಾಗಲ್ಲ. ಮಗುವಿಗೆ ಜ್ವರ ಬಂದರೆ, ಕರೆಂಟ್ ಬಿಲ್ಲಿನ ಗಡುವು ಮುಗಿದರೆ, ಶಾಲೆಗೆ ನೋಟ್‌ಬುಕ್ ಬೇಕಾದರೆ ಸಂತೆಗೆ ಒಂದು ಹುಂಜ ಹೋಗುತ್ತೆ. ಆ ದುಡ್ಡು ಗಂಡನ ಜೇಬಿಗಲ್ಲ, ಹೆಂಗಸಿನ ಸೆರಗಿನ ಗಂಟಿಗೆ ಬೀಳುತ್ತೆ. ಅಲ್ಲಿಂದ ನೇರ ನಿಮ್ಮ ಗಲ್ಲಾಪೆಟ್ಟಿಗೆಗೇ ಬರುತ್ತೆ.

ಇದು ಸಣ್ಣ ಬಾಬ್ತೂ ಅಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 85 ಕೋಟಿ ಕೋಳಿ ಸಿಕ್ಕವು. ಅದರಲ್ಲಿ 31 ಕೋಟಿಗೂ ಮೇಲ್ಪಟ್ಟು ಹಿತ್ತಲಲ್ಲಿ ಕೆದಕಿ ತಿನ್ನುವ ಕೋಳಿಗಳು. ಹಿಂದಿನ ಗಣತಿಗಿಂತ ಶೇ. 45ಕ್ಕೂ ಹೆಚ್ಚು. ಫಾರಂ ಕೋಳಿ ಬಂತು, ನಾಟಿ ಕೋಳಿ ಕತೆ ಮುಗೀತು ಅಂದವರ ಮಾತು ಸುಳ್ಳಾಯಿತು. ಮುದ್ದೆ ಜೊತೆ ನಾಟಿ ಕೋಳಿ ಸಾರಿಗೆ ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುವವರೇ ಇದಕ್ಕೆ ಸಾಕ್ಷಿ.

ಮರಿ ಎಬ್ಬಿಸುವುದರಲ್ಲಿ ನಮ್ಮ ಹೆಂಗಸರಿಗೆ ಯಾರೂ ಪಾಠ ಹೇಳಬೇಕಿಲ್ಲ. ಕಾವಿಗೆ ಬಂದ ಹೇಂಟೆ ಯಾವುದು ಅಂತ ಅದರ ದನಿಯಲ್ಲೇ ಕಂಡುಕೊಳ್ಳುತ್ತಾರೆ. ಮಂಕರಿಗೆ ಹುಲ್ಲು ಹಾಸಿ, ಹೇನಿಗೆ ಬೂದಿ ಎರಚಿ, ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕೂರಿಸಿದರೆ 21 ದಿನಕ್ಕೆ ಮರಿ. ಹೆಬ್ಬಾಳದಲ್ಲಿ ವಿಜ್ಞಾನಿಗಳು ಗಿರಿರಾಜ ಕೋಳಿ ಮಾಡಿಕೊಟ್ಟರು. ಮೊಟ್ಟೆ ಜಾಸ್ತಿ ಇಡುತ್ತೆ, ತೂಕವೂ ಬರುತ್ತೆ. ಆದರೆ ಕಾವು ಕೂರುವ ಬುದ್ಧಿ ಅದಕ್ಕೆ ಕಮ್ಮಿ. ಮಿಷನ್ ಇಲ್ಲದ ಮನೆಯಲ್ಲಿ ಗಿರಿರಾಜನ ಮೊಟ್ಟೆಯನ್ನೂ ಕೊನೆಗೆ ನಮ್ಮ ನಾಟಿ ಹೇಂಟೆಯ ಹೊಟ್ಟೆಯಡಿಗೇ ಇಡಬೇಕು!

ಹೊಸದಾಗಿ ಕೂರಿಸುವವರಿಗೆ ಎರಡು ಮಾತು. ವಾರಕ್ಕಿಂತ ಹಳೆಯ ಮೊಟ್ಟೆ, ಫ್ರಿಜ್ಜಿನಲ್ಲಿಟ್ಟ ಮೊಟ್ಟೆ, ತೊಳೆದ ಮೊಟ್ಟೆ ಕಾವಿಗೆ ಬೇಡ. ಏಳನೇ ರಾತ್ರಿ ಕತ್ತಲಲ್ಲಿ ಮೊಬೈಲ್ ಟಾರ್ಚಿಗೆ ಹಿಡಿದು ನೋಡಿ. ಒಳಗೆ ಜೇಡನ ಕಾಲಿನ ಹಾಗೆ ಕೆಂಪು ನರ ಹರಡಿದ್ದರೆ ಮರಿ ಇದೆ. ತಿಳಿಯಾಗಿ ಕಂಡರೆ ತೆಗೆದುಬಿಡಿ. ಅಂಗಡಿಯ ಫಾರಂ ಮೊಟ್ಟೆ ಇಟ್ಟು ಮರಿಗೆ ಕಾಯಬೇಡಿ. ಅಲ್ಲಿ ಹುಂಜವೇ ಇರೋದಿಲ್ಲ, ಮರಿ ಎಲ್ಲಿಂದ ಬರಬೇಕು?

ತೊಂದರೆ ಇರೋದು ಮರಿ ಎಬ್ಬಿಸುವುದರಲ್ಲಲ್ಲ, ಎದ್ದ ಮರಿಯನ್ನು ಎರಡು ತಿಂಗಳು ದಾಟಿಸುವುದರಲ್ಲಿ. ಹದ್ದು, ಕಾಗೆಗೆ ಮಂಕರಿ ಕವುಚಬಹುದು. ಮುಂಗುಸಿಗೆ ನಾಯಿ ಇದೆ. ಮಳೆಗೆ ಕೊಟ್ಟಿಗೆ ಇದೆ. ಕೊಕ್ಕರೆ ರೋಗಕ್ಕೆ ಏನಿದೆ? ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತೆ, ಹಸಿರು ಹಸಿರಾಗಿ ಭೇದಿ, ರೆಕ್ಕೆ ಜೋತು ಕತ್ತು ತಿರುಚಿಕೊಳ್ಳುತ್ತೆ. ಒಂದು ಮನೆಯಲ್ಲಿ ಶುರುವಾದರೆ ವಾರದಲ್ಲಿ ಬೀದಿಯ ಮಂಕರಿಗಳೆಲ್ಲ ಖಾಲಿ. ಬಂದ ಮೇಲೆ ಔಷಧಿ ಇಲ್ಲ. ಬೆಳ್ಳುಳ್ಳಿ, ಅರಿಶಿನ ಅರೆದು ಕುಡಿಸಿದರೆ ಮನಸ್ಸಿಗೆ ಸಮಾಧಾನ ಅಷ್ಟೆ.

ಈ ರೋಗವನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1927ರಲ್ಲಿ, ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ. ದಾಖಲೆಗಳಲ್ಲಿ ಇವತ್ತಿಗೂ ಅದೇ ಹೆಸರು. ನೂರು ವರ್ಷ ಆಗುತ್ತಾ ಬಂತು. ಲಸಿಕೆ ಬಂದೂ ಎಷ್ಟೋ ದಶಕಗಳಾದವು. ಏಳನೇ ದಿನ ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕನೇ ವಾರ ಇನ್ನೊಮ್ಮೆ ಹನಿ. ಎಂಟರಿಂದ ಹತ್ತನೇ ವಾರದೊಳಗೆ ಒಂದು ಸೂಜಿ. ಇಷ್ಟೇ. ದೊಡ್ಡ ಫಾರಂಗಳಲ್ಲಿ ಇದು ತಪ್ಪೋದೇ ಇಲ್ಲ. ಹಿತ್ತಲಿಗೆ ಮಾತ್ರ ಯಾಕೆ ಬರಲಿಲ್ಲ?

ಕಾರಣ ಸೀಸೆಯಲ್ಲಿದೆ ಸ್ವಾಮಿ! ಲಸಿಕೆ ಪುಡಿಯಾಗಿ ಸೀಸೆಯಲ್ಲಿ ಬರುತ್ತೆ. ಒಂದೊಂದು ಸೀಸೆ ನೂರು, ಇನ್ನೂರು, ಐನೂರು, ಸಾವಿರ ಮರಿಗೆ. ಐಸ್ ಮೇಲೇ ತರಬೇಕು. ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಹಾಕಿ ಮುಗಿಸಬೇಕು. ಎಂಟು ಮರಿ ಇರುವಾಕೆ ಕೂಲಿ ಬಿಟ್ಟು, ಬಸ್ಸು ಹತ್ತಿ, ತಾಲ್ಲೂಕಿಗೆ ಹೋಗಿ ಚಿಕ್ಕ ಸೀಸೆಯನ್ನೇ ತಂದಳು ಅನ್ನಿ. ಎಂಟು ಹನಿ ಮರಿಗೆ, ತೊಂಬತ್ತೆರಡು ಹನಿ ಚರಂಡಿಗೆ. ಯಾರು ತಂದಾರು? ಅದೇ ಬೀದಿಯ ಹನ್ನೆರಡು ಮನೆ ಒಟ್ಟಾದರೆ 96 ಹನಿ ಲೆಕ್ಕಕ್ಕೆ ಸೇರಿತು. ಒಬ್ಬಳಿಗೆ ಲುಕ್ಸಾನಾದದ್ದು ಹನ್ನೆರಡು ಜನಕ್ಕೆ ಲಾಭ. ಹಾಗೆ ಒಟ್ಟು ಸೇರಿಸುವವರು ಯಾರೂ ಇಲ್ಲ, ಅದೇ ಸಂಕಟ.

ಈ ಪಾಠ ಬೇರೆ ಯಾರಿಗಾದರೂ ಹೊಸದಿರಬಹುದು, ರಾಮನಗರ ಸೀಮೆಯವರಿಗಲ್ಲ. ನಮ್ಮ ರೇಷ್ಮೆ ಬೆಳೆಗಾರರು ಒಂದು ಕಾಲದಲ್ಲಿ ಮೊಟ್ಟೆ ತಂದು ಮನೆಯಲ್ಲೇ ಹುಳ ಎಬ್ಬಿಸುತ್ತಿದ್ದರು. ಎಳೆ ಹುಳ ಕೆಟ್ಟರೆ ಬೆಳೆಯೇ ಕೆಟ್ಟಿತು. ಆಮೇಲೆ ಚಾಕಿ ಕೇಂದ್ರಗಳು ಬಂದವು. ನಾಜೂಕಿನ ಮೊದಲ ದಿನಗಳನ್ನು ಪಳಗಿದ ಕೈಗಳು ಒಂದೇ ಕಡೆ ನೋಡಿಕೊಂಡು, ಎರಡನೇ ಜ್ವರ ದಾಟಿಸಿ ರೈತರಿಗೆ ಕೊಡುತ್ತವೆ. ಎಳೆತನ ಗೆದ್ದರೆ ಬೆಳೆ ಗೆದ್ದಂತೆ ಅನ್ನೋದನ್ನು ಇಲ್ಲಿನ ಗೂಡಿನ ಮಾರುಕಟ್ಟೆಗೆ ಬರುವ ಹುಡುಗರೂ ಬಲ್ಲರು. ಹುಳಕ್ಕೆ ಒಪ್ಪಿದ ಮಾತು ಕೋಳಿಮರಿಗೆ ಯಾಕೆ ಒಪ್ಪೋದಿಲ್ಲ?

ಸರ್ಕಾರ ಏನೂ ಮಾಡಿಲ್ಲ ಅಂತ ನಾವು ಹೇಳುತ್ತಿಲ್ಲ. ಕೇಂದ್ರದ ಜಾನುವಾರು ಮಿಷನ್ನಿನಲ್ಲಿ 2021ರಿಂದ ಗ್ರಾಮೀಣ ಕೋಳಿ ಘಟಕಕ್ಕೆ ಶೇ. 50ರಷ್ಟು, 25 ಲಕ್ಷದವರೆಗೆ ಸಹಾಯಧನ ಬಂತು. ಅದಕ್ಕೆ ಕಮ್ಮಿ ಅಂದರೂ ಸಾವಿರ ತಾಯಿಕೋಳಿ ಇಡಬೇಕು. ಮೂರು ಹೇಂಟೆ ಸಾಕುವಾಕೆ ಆ ಕಾಗದ ಹಿಡಿದು ಏನು ಮಾಡಬೇಕು? ಬಡವರಿಗೆ ಮರಿ ಹಂಚುವ ಯೋಜನೆಗಳೂ ಬಂದು ಹೋದವು. ಮರಿ ಹಂಚುವ ದಿನ ಹಾರ, ಭಾಷಣ, ಫೋಟೋ. ಎಂಟನೇ ವಾರದ ಸೂಜಿಗೆ ಫೋಟೋ ಇಲ್ಲ, ಆದ್ದರಿಂದ ಅದರ ನೆನಪೂ ಇಲ್ಲ!

ದನಕ್ಕೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಮನೆ ಬಾಗಿಲಿಗೇ ಬರುತ್ತಾರೆ. ಒಳ್ಳೆಯದೇ. ನೆರೆಯ ತಮಿಳುನಾಡಿನಲ್ಲಿ ಹಿತ್ತಲ ಕೋಳಿಗಳ ಕೊಕ್ಕರೆ ರೋಗಕ್ಕೆ ಫೆಬ್ರವರಿಯಲ್ಲಿ ಲಸಿಕೆ ಶಿಬಿರ ನಡೆಸುವ ಪದ್ಧತಿ ಇದೆ. ಹೊಸೂರು ದಾಟಿದರೆ ಆಗುವ ಕೆಲಸ ಕನಕಪುರದಲ್ಲಿ ಆಗಬಾರದೇ?

ನಾವು ಕೇಳುವುದು ಹೊಸ ಕಟ್ಟಡ ಅಲ್ಲ, ಹೊಸ ನಿಗಮವೂ ಅಲ್ಲ. ಪ್ರತಿ ಪಂಚಾಯಿತಿಗೆ ತಿಂಗಳಲ್ಲಿ ಎರಡು ಸಂಜೆ ಗೊತ್ತು ಮಾಡಲಿ. ಸಂಜೆಯೇ ಯಾಕೆ ಅಂದರೆ ಹಗಲು ಮೇಯಲು ಹೋದ ಕೋಳಿ ಯಾರ ಕೈಗೂ ಸಿಗೋದಿಲ್ಲ. ದಿನಕ್ಕೆರಡು ಸಲ ಊರೆಲ್ಲ ಸೇರುವ ಹಾಲಿನ ಡೇರಿಯ ಬೋರ್ಡಿನಲ್ಲಿ ಆ ದಿನ ಬರೆದು ಹಾಕಲಿ. ಸ್ತ್ರೀಶಕ್ತಿ ಸಂಘಗಳ ಒಬ್ಬಿಬ್ಬರು ಹೆಣ್ಣುಮಕ್ಕಳಿಗೆ ಹನಿ ಹಾಕುವುದನ್ನು ಕಲಿಸಲಿ. ಐಸ್ ಡಬ್ಬಿಯೂ ಸೀಸೆಯೂ ಪಶು ಆಸ್ಪತ್ರೆಯಿಂದ ಬರಲಿ. ತಲೆಗೆ ಇಷ್ಟು ಅಂತ ಚಿಲ್ಲರೆ ಕಾಸು ಕೇಳಿದರೆ ಕೊಡಲು ನಮ್ಮ ಹೆಂಗಸರು ಹಿಂದೆಮುಂದೆ ನೋಡೋದಿಲ್ಲ.

ಸಾಕುವವರೂ ಕೈಕಟ್ಟಿ ಕೂರುವ ಹಾಗಿಲ್ಲ. ಬೀದಿಯವರು ಮಾತಾಡಿಕೊಂಡು ಆದಷ್ಟೂ ಒಂದೇ ವಾರದಲ್ಲಿ ಕಾವು ಕೂರಿಸಿದರೆ ಮರಿಗಳ ವಯಸ್ಸು ಒಂದಾಗುತ್ತೆ, ಸೀಸೆಯೂ ವ್ಯರ್ಥವಾಗೋದಿಲ್ಲ. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆ ಕಟ್ಟಿ, ಆಮೇಲೆ ಬಿಡಿ. ಇನ್ನು ಮುಚ್ಚಿಡದೆ ಹೇಳಬೇಕಾದ ಮಾತೊಂದಿದೆ. ಒಂದೆರಡು ಕೋಳಿ ಸತ್ತ ಕೂಡಲೇ ಉಳಿದವನ್ನು ಚೀಲಕ್ಕೆ ತುಂಬಿ ಸಂತೆಗೆ ಓಡುವವರಿದ್ದಾರೆ. ಬಸ್ಸಿನ ಸೀಟಿನಡಿ ಆ ಚೀಲದಲ್ಲಿ ರೋಗವೂ ಟಿಕೆಟ್ ಇಲ್ಲದೆ ಪ್ರಯಾಣ ಮಾಡುತ್ತೆ. ಬಿತ್ತಿದವರು ಯಾರೋ, ಕಳೆದುಕೊಂಡವರು ಇನ್ಯಾರೋ. ಕೋಳಿ ಸಾಲುಸಾಲಾಗಿ ಸತ್ತರೆ ಸಂತೆಗಲ್ಲ, ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ. ಹಕ್ಕಿಜ್ವರ ಬೇರೆ ಇರುವ ಕಾಲ ಇದು.

ಬಸ್‌ಸ್ಟ್ಯಾಂಡಿನಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿದ ಮರಿಗಳನ್ನು ಮಕ್ಕಳಿಗೆಂದು ಕೊಳ್ಳುವ ಪ್ರಯಾಣಿಕರೂ ಕೇಳಿ. ಅವು ಸಾಮಾನ್ಯವಾಗಿ ಮೊಟ್ಟೆ ಫಾರಂಗಳಿಗೆ ಬೇಡವಾದ ಗಂಡುಮರಿಗಳು. ತಾಯಿಯ ಶಾಖ ಇಲ್ಲದ ಮರಿಗೆ ಮೊದಲ ವಾರ 35 ಡಿಗ್ರಿ ಬಿಸಿ ಬೇಕು. ರಟ್ಟಿನ ಡಬ್ಬಿಗೆ ಒಂದು ಬಲ್ಬಾದರೂ ಇಳಿಬಿಡದಿದ್ದರೆ ಬೆಳಗಾಗುವಷ್ಟರಲ್ಲಿ ಮಗುವಿಗೆ ಅಳುವೇ ಗತಿ.

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ. ಹಿತ್ತಲ ಕೋಳಿಯೂ ಕಸುಬಲ್ಲ ಅಂತ ಅಧಿಕಾರದಲ್ಲಿರುವವರು ತಿಳಿದಂತಿದೆ. ಸಾವಿರ ಕೋಳಿಯ ಫಾರಂ ಲೆಕ್ಕಕ್ಕೆ ಸಿಗುತ್ತೆ, ಸಾವಿರ ಮನೆಯ ಮೂರು ಮೂರು ಕೋಳಿ ಲೆಕ್ಕಕ್ಕೆ ಸಿಗೋದಿಲ್ಲ. ಗುಣಿಸಿ ನೋಡಿ ಸ್ವಾಮಿ, ಯಾವುದು ದೊಡ್ಡದು? ಮುಂದಿನ ಮಳೆಗಾಲಕ್ಕೆ ಮೊದಲು ಈ ನಾಲ್ಕು ತಾಲ್ಲೂಕಿನಲ್ಲಿ ಒಂದೊಂದು ಪಂಚಾಯಿತಿಯಲ್ಲಾದರೂ ಶುರು ಮಾಡಿ ತೋರಿಸಲಿ. ತಗಲುವ ಖರ್ಚು ಒಂದು ಸೀಸೆ, ಒಂದು ಐಸ್ ಡಬ್ಬಿ, ಎರಡು ಸಂಜೆ. ಸಂಬಂಧಪಟ್ಟವರು ಗಮನಿಸುವರೇ?