ಬಸ್ಸಿನಲ್ಲಿ ಸೀಟು ಕೇಳುವ ಪ್ರಾಜೆಕ್ಟ್

ಪಿಯುಸಿಯಲ್ಲಿ ಮನಃಶಾಸ್ತ್ರ ಕಲಿಯುವ, ನಮ್ಮ ಪರಿಚಯದ ಮನೆಯ ಹುಡುಗಿಯೊಬ್ಬಳು ಕಳೆದ ತಿಂಗಳು ಕಾಲೇಜು ಬಿಟ್ಟು ಬಂದವಳೇ, “ಉಮ್ಮಾ, ಈ ವಾರ ನಾನು ಬಸ್ಸಿನಲ್ಲಿ ಕೂತವರ ಹತ್ತಿರ ಹೋಗಿ ‘ನಿಮ್ಮ ಸೀಟು ನನಗೆ ಕೊಡ್ತೀರಾ’ ಅಂತ ಕೇಳಬೇಕು. ಕಾರಣ ಹೇಳ್ಲಿಕ್ಕಿಲ್ಲ. ಪ್ರಾಜೆಕ್ಟ್” ಅಂದಳಂತೆ. ಉಮ್ಮ ಗ್ಯಾಸ್ ಆರಿಸಿ ಬಂದು ಇನ್ನೊಮ್ಮೆ ಹೇಳಿಸಿದರು. ರಾತ್ರಿ ಗಲ್ಫಿನಲ್ಲಿರುವ ಉಪ್ಪನಿಗೆ ವಿಷಯ ಹೋಯಿತು. ಮರುದಿನ ಉಪ್ಪನ ಫೋನು ನಮಗೆ: “ಇದೆಂತ ಮಾರಾಯ್ರೆ, ಕಾಲೇಜಿನವರಿಗೆ ಬೇರೆ ಕೆಲಸ ಇಲ್ವಾ? ನೀವು ಪೇಪರಿನವರು, ಸ್ವಲ್ಪ ಬರೀರಿ.”

ಬರೆಯುತ್ತಿದ್ದೇವೆ. ಆದರೆ ಅವರು ಹೇಳಿದಷ್ಟನ್ನೇ ಅಲ್ಲ.

ಮೊದಲಿಗೆ, ಇದು ಯಾರೋ ಲೆಕ್ಚರರಿಗೆ ತಲೆಕೆಟ್ಟು ಹೊಳೆದ ಕೆಲಸವಲ್ಲ ಎಂಬುದು ಮನೆಯವರಿಗೆ ಗೊತ್ತಿರಬೇಕು. ನಾವು ದಿನವಿಡೀ ಪಾಲಿಸುವ ನೂರಾರು ನಿಯಮಗಳನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಖಾಲಿ ಬಸ್ಸಿನಲ್ಲಿ ಅಪರಿಚಿತರ ಪಕ್ಕಕ್ಕೇ ಹೋಗಿ ಕೂರುವುದಿಲ್ಲ, ಲಿಫ್ಟಿನೊಳಗೆ ಬಾಗಿಲಿಗೆ ಬೆನ್ನು ಹಾಕಿ ನಿಲ್ಲುವುದಿಲ್ಲ. ಯಾರೂ ಕಲಿಸದೆಯೇ ಇದೆಲ್ಲ ನಮಗೆ ಬಂದಿದೆ. ಇಂಥ ನಿಯಮ ಇದೆ ಎಂದು ಗೊತ್ತಾಗುವುದೇ ಅದನ್ನು ಯಾರಾದರೂ ಮುರಿದಾಗ. ಅಮೆರಿಕದ ಸಮಾಜಶಾಸ್ತ್ರಜ್ಞ ಹೆರಾಲ್ಡ್ ಗಾರ್ಫಿಂಕೆಲ್ ತನ್ನ ವಿದ್ಯಾರ್ಥಿಗಳಿಂದ ಬೇಕೆಂದೇ ಇಂಥ ನಿಯಮಗಳನ್ನು ಮುರಿಸಿ, ಆಗ ಎದುರಿಗಿದ್ದವರು ಏನು ಮಾಡುತ್ತಾರೆಂದು ಬರೆದುಕೊಂಡರು. 1967ರಲ್ಲಿ ಅದು ಪುಸ್ತಕವಾಗಿ ಬಂತು.

ಸೀಟು ಕೇಳುವ ಪ್ರಯೋಗ ನ್ಯೂಯಾರ್ಕಿನ ಸ್ಟ್ಯಾನ್ಲಿ ಮಿಲ್ಗ್ರಾಂ ಅವರದು. ಅದರ ಹುಟ್ಟಿನ ಕಥೆ ನಮ್ಮ ಯಾವ ಮನೆಯಲ್ಲೂ ನಡೆಯಬಹುದಾದದ್ದು. ಈಗಿನ ಹುಡುಗರು ತಲೆ ನರೆತವರಿಗೆ ರೈಲಿನಲ್ಲಿ ಸೀಟು ಬಿಟ್ಟು ಕೊಡುವುದಿಲ್ಲ ಯಾಕೆ ಎಂದು ಅತ್ತೆ ಕೇಳಿದರಂತೆ, ಅಳಿಯ ಅದನ್ನೇ ಪ್ರಯೋಗ ಮಾಡಿದರು. 1970ರ ದಶಕದ ಆರಂಭದಲ್ಲಿ ವಿದ್ಯಾರ್ಥಿಗಳನ್ನು ಸುರಂಗ ರೈಲಿಗೆ ಕಳುಹಿಸಿ, ಕಾರಣ ಹೇಳದೆ ಸೀಟು ಕೇಳಿಸಿದರು. ಬೈಗಳು ತಿನ್ನುತ್ತಾರೆ ಎಂದೇ ಎಲ್ಲರ ಲೆಕ್ಕ. ಆದರೆ ಸುಮ್ಮನೆ ಕೇಳಿದಾಗ ನೂರಕ್ಕೆ 68ರಷ್ಟು ಜನ ಎದ್ದು ಕೊಟ್ಟರು, ಇಲ್ಲವೇ ಸರಿದು ಜಾಗ ಮಾಡಿದರು. ಇನ್ನೊಂದು ತಮಾಷೆ ನೋಡಿ: ನಿಂತುಕೊಂಡು ಪುಸ್ತಕ ಓದಲಿಕ್ಕೆ ಆಗುವುದಿಲ್ಲ ಎಂದು ಸಣ್ಣ ಕಾರಣ ಹೇಳಿ ಕೇಳಿದರೆ ಸೀಟು ಸಿಕ್ಕಿದ್ದು ನೂರಕ್ಕೆ 42ರಷ್ಟು ಸಲ ಮಾತ್ರ. ಬಹುಶಃ ಕಾರಣ ಹೇಳದೆ ಕೇಳುವವನಿಗೆ ದೊಡ್ಡ ಕಷ್ಟವೇ ಇರಬೇಕೆಂದು ಜನ ತಿಳಿದುಕೊಂಡರೇನೋ.

ನಮಗೆ ಮುಖ್ಯವೆನಿಸಿದ್ದು ಆ ಅಂಕಿಗಳಲ್ಲ. ವಿದ್ಯಾರ್ಥಿಗಳು ಈ ಕೆಲಸ ಕಷ್ಟ ಎಂದು ಗೋಳು ಹೇಳಿದಾಗ ಮಿಲ್ಗ್ರಾಂ ನಂಬದೆ ತಾವೇ ಹೋದರು. ಕೇಳಬೇಕಾದ ಮಾತು ಗಂಟಲಲ್ಲೇ ಸಿಕ್ಕಿಹಾಕಿಕೊಂಡಿತು. ಹೇಗೋ ಕೇಳಿ ಸೀಟು ಸಿಕ್ಕಿದ ಮೇಲೆ, ಪಡೆದ ಸೀಟಿಗೆ ನ್ಯಾಯ ಒದಗಿಸಬೇಕೆಂಬ ಒತ್ತಡಕ್ಕೆ ತಲೆ ತಗ್ಗಿಸಿ ಕೂತರು. ಮುಖ ನಿಜವಾಗಿಯೂ ಬಿಳಿಚಿಕೊಂಡಿತ್ತು. ಹೊರಗಿನವರ ಕೋಪಕ್ಕಿಂತ ಮೊದಲೇ ನಮ್ಮೊಳಗಿನ ನಾಚಿಕೆ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ಹದಿನೇಳರ ಹುಡುಗಿಯೊಬ್ಬಳು ಪುಸ್ತಕದಿಂದಲ್ಲದೆ ಸ್ವಂತ ಗಂಟಲಿನಿಂದ ಕಲಿತರೆ ಅದು ಒಳ್ಳೆಯ ಪಾಠವೇ. ಹಾಗಾಗಿ ಪ್ರಾಜೆಕ್ಟ್ ಎಂದ ಕೂಡಲೇ ವಿಭಾಗ ಬದಲಿಸು, ಕಾಲೇಜು ಬಿಡು ಎನ್ನುವವರ ಜೊತೆ ನಾವಿಲ್ಲ.

ಆದರೆ ನ್ಯೂಯಾರ್ಕಿನ ರೈಲು ಬೇರೆ, ಸ್ಟೇಟ್‌ಬ್ಯಾಂಕಿನಿಂದ ಹೊರಡುವ ನಮ್ಮ ಸಿಟಿ ಬಸ್ಸು ಬೇರೆ. ಇಲ್ಲಿ ಯಾರು ಯಾರ ಪಕ್ಕ ಕೂತರು, ಯಾರು ಯಾರೊಡನೆ ಮಾತನಾಡಿದರು ಎಂದು ನೋಡುವ ಕಣ್ಣುಗಳಿವೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ, 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಯಲ್ಲಿ ಹುಡುಗಿಯರ ಮೇಲೆ ಕೈ ಮಾಡಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಪೇಪರಿನಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿದು ಹೋದವು ಅದೆಷ್ಟೋ. ಇಂಥ ಊರಿನಲ್ಲಿ ನಮ್ಮ ಹುಡುಗನೊಬ್ಬ ಗುರುತಿಲ್ಲದ ಹುಡುಗಿಯ ಹತ್ತಿರ ಹೋಗಿ ಕಾರಣ ಹೇಳದೆ ಸೀಟು ಕೇಳಿದರೆ ಅದನ್ನು ಪ್ರಯೋಗ ಎಂದು ಯಾರು ತಿಳಿಯುತ್ತಾರೆ? ತಲೆಗೆ ಶಾಲು ಹಾಕಿದ ಹುಡುಗಿ ವಿಚಿತ್ರವಾಗಿ ನಡೆದುಕೊಂಡರೆ ಅದು ಅವಳೊಬ್ಬಳ ವಿಚಿತ್ರ ಆಗಿ ಉಳಿಯುತ್ತದಾ? ಯಾರದ್ದೋ ಮೊಬೈಲಿನಲ್ಲಿ ಹದಿನೈದು ಸೆಕೆಂಡಿನ ವಿಡಿಯೊ ಆಗುತ್ತದೆ, ಸಂಜೆಯೊಳಗೆ ಮೂವತ್ತು ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ. ‘ಪ್ರಾಜೆಕ್ಟ್’ ಎಂಬ ಶಬ್ದ ಮಾತ್ರ ಅದರ ಜೊತೆ ಹೋಗುವುದಿಲ್ಲ. ಒಂದೇ ತರಗತಿಯ ಮೂವರು ಮಕ್ಕಳು ಒಂದೇ ಕೆಲಸ ಮಾಡಿದರೂ ಹೆಸರು ನೋಡಿ ಮೂರು ಬೆಲೆ ಕಟ್ಟುವ ಊರು ಇದು. ಅಂಕ ಮಾತ್ರ ಮೂವರಿಗೂ ಒಂದೇ.

ಇದನ್ನು ಲೆಕ್ಚರರುಗಳು ತಿಳಿಯದವರಲ್ಲ, ಆದರೆ ಸಿಲೆಬಸ್ಸಿನ ಅವಸರದಲ್ಲಿ ಮರೆಯುತ್ತಾರೆ. ಇಂಥ ಕೆಲಸ ಕೊಡುವಾಗ ಮಕ್ಕಳನ್ನು ಒಬ್ಬೊಬ್ಬರನ್ನೇ ಬೀದಿಗೆ ಬಿಡಬಾರದು. ಜೊತೆಯಲ್ಲಿ ಹಿರಿಯರೊಬ್ಬರು, ಕೈಯಲ್ಲಿ ಕಾಲೇಜಿನ ಪತ್ರ ಇರಬೇಕು. ಮುಗಿದ ಮೇಲೆ ಎದುರಿನವರಿಗೆ ಇದು ಪಾಠದ ಭಾಗವೆಂದು ಹೇಳಿ ಕ್ಷಮೆ ಕೇಳಬೇಕು. ಪಾಪ, ಅವರೂ ದಿನವಿಡೀ ದುಡಿದು ಮನೆಗೆ ಹೋಗುವವರು, ನಮ್ಮ ಮಕ್ಕಳ ಪ್ರಯೋಗಕ್ಕೆಂದು ಬಸ್ಸು ಹತ್ತಿದವರಲ್ಲ. ಮಗು ‘ನನ್ನಿಂದ ಆಗುವುದಿಲ್ಲ’ ಎಂದರೆ ಅಂಕ ಕಡಿಯದೆ ಬೇರೆ ಕೆಲಸ ಕೊಡಬೇಕು. ಪೋಷಕರ ಸಭೆಯಲ್ಲಿ ಇದನ್ನು ಕೇಳಿರಿ. ಜಗಳವಾಗಿ ಅಲ್ಲ, ವಿಚಾರಿಸುವ ಹಾಗೆ ಕೇಳಿರಿ. ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ ಬರಲಿಕ್ಕೆ ಮಾತ್ರ ಹೋಗುವ ಅಭ್ಯಾಸ ನಮ್ಮವರಲ್ಲಿ ಹೆಚ್ಚು.

ಹೊರಗಿನವರ ಕಣ್ಣಿನ ಬಗ್ಗೆ ಇಷ್ಟು ಬರೆದ ಮೇಲೆ ನಮ್ಮ ಕಣ್ಣಿನ ಬಗ್ಗೆಯೂ ಬರೆಯದಿದ್ದರೆ ತಪ್ಪಾಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯನ್ನು ತಡೆದು ‘ನೀನು ಯಾರ ಮಗಳು, ಅವನ ಹತ್ತಿರ ಎಂತ ಮಾತು’ ಎಂದು ಕೇಳುವವರಲ್ಲಿ ನಮ್ಮ ಹುಡುಗರೂ ಇದ್ದಾರೆ. ಇದನ್ನು ಬರೆದಾಗಲೆಲ್ಲ ‘ಈಗ ಅದು ಬೇಕಿತ್ತಾ’ ಎಂಬ ಫೋನು ಬರುತ್ತದೆ. ಬೇಕಿತ್ತು. ಮನೆಯೊಳಗೂ ಅಷ್ಟೆ. ಇದೇ ಪ್ರಾಜೆಕ್ಟನ್ನು ಮಗ ತಂದಿದ್ದರೆ ಏನಾಗುತ್ತಿತ್ತು ಎಂದು ನಾವು ಆ ಉಪ್ಪನನ್ನೇ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಗಾಡಿ ಬಿಡ್ತಿದ್ದೆವೋ ಏನೋ” ಅಂದರು. ಪ್ರಾಮಾಣಿಕ ಮನುಷ್ಯ.

ನಾಲ್ಕು ಜನ ಏನು ಹೇಳಿಯಾರು ಎಂಬ ಹೆದರಿಕೆಯಲ್ಲೇ ಉಳಿದಿದ್ದರೆ ನಮ್ಮ ಹೆಣ್ಣುಮಕ್ಕಳು ಇಂದು ಮನಃಶಾಸ್ತ್ರ ಓದುವಲ್ಲಿಗೆ ಬರುತ್ತಲೇ ಇರಲಿಲ್ಲ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಶಾಲೆ ಕಲಿಯುವ ಕಾಲದಲ್ಲಿ ಮುಸ್ಲಿಂ ಹುಡುಗಿ ಹೈಸ್ಕೂಲಿನವರೆಗೆ ಹೋಗುವುದೇ ನಿಯಮ ಮುರಿದಂತೆ. ‘ಚಂದ್ರಗಿರಿಯ ತೀರದಲ್ಲಿ’ ಪುಸ್ತಕವಾದಾಗ ಅವರು ಕೇಳಬೇಕಾಗಿ ಬಂದ ಮಾತುಗಳನ್ನು ಹಿರಿಯ ಓದುಗರು ಬಲ್ಲರು. ಇಂದು ಅದೇ ಕರಾವಳಿಯಲ್ಲಿ ಹುಡುಗಿ ಹತ್ತನೇ ತರಗತಿಗೆ ನಿಲ್ಲಿಸಿದರೆ ‘ಯಾಕೆ ನಿಲ್ಲಿಸಿದಿರಿ’ ಎಂದು ನೆರೆಮನೆಯವರು ಕೇಳುತ್ತಾರೆ.

ಪ್ರಾಜೆಕ್ಟಿಗೆ ಬಸ್ಸೇ ಬೇಕೆಂದಿಲ್ಲ ಎಂದು ನಾವು ಆ ಮನೆಗೆ ಹೇಳಿದೆವು. ಗಾರ್ಫಿಂಕೆಲ್ ಮಾಡಿಸಿದ ಇನ್ನೊಂದು ಪ್ರಯೋಗ ಮನೆಯೊಳಗಿನದ್ದು. ವಿದ್ಯಾರ್ಥಿಗಳು ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಸ್ವಂತ ಮನೆಯಲ್ಲೇ ಬಾಡಿಗೆಗೆ ಬಂದವರ ಹಾಗೆ ನಡೆದುಕೊಳ್ಳಬೇಕು. ಮಾತನಾಡಿಸಿದರೆ ಮಾತ್ರ ಮಾತು, ಎಲ್ಲದಕ್ಕೂ ಅತಿ ವಿನಯ. ಮನೆಯವರು ಮೊದಲು ಬೆರಗಾದರು, ಆಮೇಲೆ ರೇಗಿದರು. ಹುಷಾರಿಲ್ಲವಾ, ಓದು ಹೆಚ್ಚಾಯಿತಾ ಎಂದು ಕಾರಣ ಹುಡುಕಿದರು. ನಮ್ಮಲ್ಲಿ ಅಷ್ಟೂ ಬೇಡ. ಊಟವಾದ ಮೇಲೆ ಮಗ ಎದ್ದು ಎಲ್ಲರ ತಟ್ಟೆ ತೊಳೆದಿಡಲಿ, ಅಕ್ಕತಂಗಿಯರು ಕೂತಿರಲಿ. ಯಾರಿಗೆ ಎಷ್ಟು ಹೊತ್ತಿನಲ್ಲಿ ಇರುಸುಮುರುಸಾಯಿತು, ಯಾರು ಬಂದು ಅವನ ಕೈಯಿಂದ ಸೋಪು ಕಸಿದುಕೊಂಡರು ಎಂದು ಬರೆದರೆ ರೆಕಾರ್ಡ್ ಪುಸ್ತಕ ತುಂಬುತ್ತದೆ. ಮದುವೆ ಮಾತುಕತೆಯಲ್ಲಿ ಹುಡುಗನ ಕಡೆಯವರೇ ‘ನಮಗೆ ಚಿನ್ನ ಏನೂ ಬೇಡ’ ಎಂದಾಗ ‘ಹುಡುಗನಿಗೆ ಏನಾದರೂ ಕಾಯಿಲೆ ಉಂಟಾ’ ಎಂದು ಹೆಣ್ಣಿನ ಕಡೆಯವರು ಒಳಗೊಳಗೇ ವಿಚಾರಿಸಿದ್ದನ್ನು ನಾವೇ ಕಂಡಿದ್ದೇವೆ. ಅದಕ್ಕಿಂತ ದೊಡ್ಡ ಪ್ರಯೋಗ ಯಾವ ಕಾಲೇಜಿನಲ್ಲಿ ಮಾಡಿಸುತ್ತಾರೆ?

ಆ ಹುಡುಗಿ ಕೊನೆಗೆ ಮನೆಯಲ್ಲೇ ಮಾಡಿದಳು. ಒಂದು ಸಂಜೆ ಪೂರ್ತಿ ಬ್ಯಾರಿ ಬಿಟ್ಟು ಪುಸ್ತಕದ ಕನ್ನಡದಲ್ಲಿ ಮಾತು. “ಮಾತೆಯವರೇ, ನಾನು ಸ್ವಲ್ಪ ನೀರು ಕುಡಿಯಬಹುದೇ?” ತಮ್ಮ ನಕ್ಕು ನಕ್ಕು ಸುಸ್ತಾದ. ಉಮ್ಮ ಹಣೆ ಮುಟ್ಟಿ ನೋಡಿ, ಕಣ್ಣು ತಾಗಿದೆಯೋ ಏನೋ ಎಂದು ಅಜ್ಜಿಯನ್ನು ಕರೆದರು. ವಿಡಿಯೊ ಕಾಲಿನಲ್ಲಿ ಉಪ್ಪ, ಕಾಲೇಜಿನಲ್ಲಿ ಯಾರಾದರೂ ಬೈದರಾ ಎಂದು ಮೂರು ಸಲ ಕೇಳಿದರು. ನಲವತ್ತು ನಿಮಿಷಕ್ಕೆ ಹುಡುಗಿಯೇ ಸೋತು ಅಳು ಬರುವ ಹಾಗಾಗಿ ವಿಷಯ ಬಾಯಿಬಿಟ್ಟಳು. ಆರು ಪುಟ ಬರೆದುಕೊಟ್ಟಿದ್ದಾಳೆ, ಲೆಕ್ಚರರ್ ಸಹಿ ಹಾಕಿದ್ದಾರೆ. ಬಸ್ಸಿನ ಕೆಲಸ ಕೊಟ್ಟ ಉಳಿದ ಮಕ್ಕಳ ಬಗ್ಗೆ ಉಮ್ಮ ಪೋಷಕರ ಸಭೆಯಲ್ಲಿ ಕೇಳಿ ಬಂದಿದ್ದಾರೆ. ಕಾಲೇಜಿನಿಂದ ಉತ್ತರ ಬರಬೇಕಷ್ಟೆ.