ಔಷಧ ದಾನವೂ ಆಸ್ಪತ್ರೆಯ ದಾರಿಯೂ

ಮಹಾವೀರ ಜಯಂತಿಯಂದು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹಣ್ಣು, ಬ್ರೆಡ್ಡು ಹಂಚಿ ಭಾವಚಿತ್ರ ತೆಗೆಸಿಕೊಳ್ಳುವುದೇ ಔಷಧ ದಾನವೆಂಬ ಅರ್ಥ ಅನೇಕ ಟ್ರಸ್ಟುಗಳಲ್ಲಿ ರೂಢಿಯಾಗಿದೆ. ಹಣ್ಣು ಹಂಚುವುದು ತಪ್ಪಲ್ಲ. ಅಷ್ಟಕ್ಕೇ ಆ ಹೆಸರು ಕೊಟ್ಟು ತೃಪ್ತರಾಗುವುದು ತಪ್ಪು.

ಸಿಂಧನೂರು, ಮಸ್ಕಿ ಸೀಮೆಯ ವಳಕಮದಿನ್ನಿಯಂತಹ ಹಳ್ಳಿಯಲ್ಲಿ ಒಂದು ಮಗುವಿನ ಹೃದಯದಲ್ಲಿ ರಂಧ್ರವಿರಬಹುದೆಂದು ಅಂಗನವಾಡಿಯ ತಪಾಸಣೆಯಲ್ಲಿ ಸಂಶಯ ಬಂದಿತೆನ್ನೋಣ. ಬಡವರಿಗೆ ಹಣದ ದಾರಿಯೇ ಇಲ್ಲವೆಂಬ ಮಾತು ಈಗ ಪೂರ್ತಿ ನಿಜವಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗಾಗಿಯೇ ಇದೆ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಕೊಟ್ಟಿತು. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟನ್ನು ಮಾತ್ರ.

ಆದರೂ ಮಗು ಮನೆಯಲ್ಲೇ ಉಳಿಯುತ್ತದೆ. ಪಡಿತರ ಚೀಟಿಯಲ್ಲಿ ಅದರ ಹೆಸರು ಸೇರಿರುವುದಿಲ್ಲ. ಆಧಾರಿನಲ್ಲಿ ಒಂದು ಹೆಸರು, ಜನನ ಪತ್ರದಲ್ಲಿ ಮತ್ತೊಂದು. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆಂಬುದನ್ನು ಯಾರೂ ಹೇಳಿರುವುದಿಲ್ಲ. ಸಿಂಧನೂರಿನಿಂದ ರಾಯಚೂರಿನ ರಿಮ್ಸ್ ಸುಮಾರು 90 ಕಿಲೋಮೀಟರ್. ಬೆಂಗಳೂರಿನ ಜಯದೇವ ಅಥವಾ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸುಮಾರು 400. ಕೂಲಿ ಬಿಟ್ಟು, ಉಳಿದ ಮಕ್ಕಳನ್ನು ನೆರೆಯವರಿಗೆ ಒಪ್ಪಿಸಿ ಹೋದ ತಾಯಿ, ಯಾವ ಕಿಟಕಿಯ ಮುಂದೆ ನಿಲ್ಲಬೇಕೆಂದು ತಿಳಿಯದೆ ದಿನ ಕಳೆದು ಊರಿಗೆ ಮರಳುತ್ತಾಳೆ. ಅದನ್ನು ಸಮಾಜ ಅಜ್ಞಾನವೆನ್ನುತ್ತದೆ. ಲಕ್ಷಾಧಿಪತಿ ವರ್ತಕನೂ ಪರಿಚಯದವರಿಗೆ ಫೋನು ಮಾಡದೆ ಅದೇ ಆಸ್ಪತ್ರೆಯಲ್ಲಿ ಒಂದು ಹೆಜ್ಜೆ ಇಡುವುದಿಲ್ಲ. ಅವನದು ಮಾತ್ರ ವ್ಯವಹಾರಜ್ಞಾನ!

ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರರಿದ್ದಾರಲ್ಲ ಎಂಬ ಆಕ್ಷೇಪ ಬರುತ್ತದೆ. ಇದ್ದಾರೆ, ಆಸ್ಪತ್ರೆಯ ಒಳಗೆ. ಹಳ್ಳಿಯಿಂದ ಆ ಬಾಗಿಲವರೆಗಿನ ದಾರಿಗೂ, ಚಿಕಿತ್ಸೆಯ ನಂತರ ಮರುತಪಾಸಣೆಯ ದಿನವನ್ನು ನೆನಪಿಸುವುದಕ್ಕೂ ಜನ ಬೇಕು. ಆಶಾ ಕಾರ್ಯಕರ್ತೆ ಊರು ಬಿಟ್ಟು ವಾರಗಟ್ಟಲೆ ಬೆಂಗಳೂರಿನಲ್ಲಿ ಕೂರಲಾರಳು.

ಶಾಸ್ತ್ರದ ಆಕ್ಷೇಪವನ್ನೂ ನೋಡಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ದಾನವನ್ನು ವೈಯಾವೃತ್ಯವೆಂಬ ಶಿಕ್ಷಾವ್ರತದಲ್ಲೇ ಹೇಳಿ, ಆಹಾರ, ಔಷಧಗಳೊಡನೆ ಉಪಕರಣ, ಆವಾಸಗಳನ್ನೂ ಎಣಿಸುತ್ತದೆ. ಅಲ್ಲಿ ಪಾತ್ರರು ಸಂಯಮಿಗಳು, ಕೂಲಿಕಾರರ ಮಕ್ಕಳಲ್ಲ ಎನ್ನುವವರಿದ್ದಾರೆ. ಸರಿ, ಆದರೆ ಕರುಣಾದಾನಕ್ಕೆ ಪಾತ್ರರು ದುಃಖಿತರೇ ಅಲ್ಲವೆ? ಕೊಡುವ ಕ್ರಮವನ್ನು ಆ ಗ್ರಂಥದಿಂದಲೇ ಕಲಿಯಬಹುದು. ವೈಯಾವೃತ್ಯವೆಂದರೆ ಬಳಿಗೆ ಹೋಗಿ ಮಾಡುವ ಸೇವೆ, ಕಳುಹಿಸಿಕೊಡುವ ವಸ್ತುವಲ್ಲ. ಆವಾಸವೆಂಬ ಮಾತಂತೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಚಾಪೆ ಹಾಸಿ ಮಲಗಿದ ತಾಯಂದಿರನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ.

ಮೂರನೆಯ ಆಕ್ಷೇಪ ಲೆಕ್ಕಪತ್ರದ್ದು, ಮತ್ತು ಅದೇ ನಿಜವಾದ ಆಕ್ಷೇಪ. ಕಟ್ಟಡಕ್ಕೆ ಹೆಸರುಗಲ್ಲು ಹಾಕಬಹುದು, ಸಂಬಳಕ್ಕೆ ಹಾಕಲಾಗದು. ಆದರೆ ಟ್ರಸ್ಟು ತನ್ನ ಆದಾಯದ ಶೇಕಡಾ 85ರಷ್ಟನ್ನು ಉದ್ದೇಶಕ್ಕೆ ವಿನಿಯೋಗಿಸಬೇಕೆಂಬ ತೆರಿಗೆಯ ನಿಯಮಕ್ಕೆ ಹೆಸರುಗಲ್ಲು ಬೇಕಿಲ್ಲ. ವೈದ್ಯಕೀಯ ನೆರವು ಟ್ರಸ್ಟಿನ ಉದ್ದೇಶಗಳಲ್ಲಿದ್ದರೆ ಸಹಾಯಕನ ಸಂಬಳವೂ ವಿನಿಯೋಗವೇ. ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಬಾಹುಬಲಿ ಆಸ್ಪತ್ರೆ ಉದ್ಘಾಟನೆಯಾದದ್ದು ಶ್ಲಾಘ್ಯವೇ. ಅಂತಹುದನ್ನು ಎಲ್ಲ ಊರಿನ ಟ್ರಸ್ಟೂ ಕಟ್ಟಲಾರದು, ಕಟ್ಟಬೇಕಾಗಿಯೂ ಇಲ್ಲ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಟ್ರಸ್ಟುಗಳು ಕೂಡಿ ಒಬ್ಬ ಸಹಾಯಕನನ್ನು ನೇಮಿಸಬಹುದು. ಜಾತಿಮತ ಕೇಳದೆ ಕಾಗದ ಸರಿಪಡಿಸಿಕೊಡುವುದು, ಮೊದಲ ದಿನ ಜೊತೆಗೆ ಹೋಗುವುದು, ವೈದ್ಯರ ಮಾತನ್ನು ತಾಯಿಗೆ ತಿಳಿಯುವಂತೆ ಹೇಳುವುದು, ಬಸ್ಸಿನ ಚಾರ್ಜು, ಊಟದ ಖರ್ಚು ಕೊಟ್ಟು ರಶೀದಿ ಇಡುವುದು ಅವನ ಕೆಲಸ. ನಿವೃತ್ತ ಶಿಕ್ಷಕರು, ಔಷಧದಂಗಡಿಯ ಯುವಕರು ಅವನಿಗೆ ನೆರವಾಗಬಲ್ಲರು. ದಶಲಕ್ಷಣ ಪರ್ವದ ಬೋಲಿಗಳ ಲೆಕ್ಕ ಮಂಡಿಸುವ ಸಭೆಯಲ್ಲೇ ಈ ಸಂಬಳದ ಬಾಬತ್ತನ್ನೂ ಮಂಡಿಸಿ, ಒಪ್ಪದವರು ಕಾರಣವನ್ನು ನಡವಳಿ ಪುಸ್ತಕದಲ್ಲಿ ಬರೆಸಲಿ.