ಹೊತ್ತರಿತು ದುಡಿಯುವ ಆಳು

ವಾಚಕರೇ, ಗೃಹಕೃತ್ಯದಲ್ಲಿ ಒಂದು ವಿಚಿತ್ರವುಂಟು. ದೊಡ್ಡ ಕೆಲಸವನ್ನು ಯಾರೂ ಮರೆಯುವುದಿಲ್ಲ. ಮಗಳ ಮದುವೆಯ ಮುಹೂರ್ತವನ್ನು ಮರೆತವರಾರು? ಮರೆತುಹೋಗುವುದು ನಿತ್ಯದ ಸಣ್ಣ ಕೆಲಸವೇ. ರಾತ್ರಿ ಹಾಲಿಗೆ ಹೆಪ್ಪು ಹಾಕಲು ಮರೆತರೆ ಮರುದಿನ ಮಜ್ಜಿಗೆಯಿಲ್ಲ. ಆದಕಾರಣವೇ ನಮ್ಮ ಹಿರಿಯರು ಇಂತಹ ಕೆಲಸಗಳಿಗೆ ಹೊತ್ತು ಗೊತ್ತುಮಾಡಿ, ಅವುಗಳನ್ನು ಅಭ್ಯಾಸದ ವಶಕ್ಕೆ ಒಪ್ಪಿಸಿದರು.

ಗಣಕಯಂತ್ರಗಳ ಮನೆವಾರ್ತೆಯೂ ಹೀಗೆಯೇ. ಬ್ಯಾಂಕು, ಆಸ್ಪತ್ರೆ ಮೊದಲಾದವುಗಳ ಲೆಕ್ಕಪತ್ರಗಳನ್ನು ಕಾಯುವ ಸರ್ವರ್‌ಗಳೆಂಬ ಗಣಕಗಳಲ್ಲಿ ಹಳೆಯ ಕಡತಗಳನ್ನು ಗುಡಿಸುವುದು, ದಿನದ ಲೆಕ್ಕವನ್ನು ಕೂಡುವುದು, ಎಲ್ಲಕ್ಕಿಂತ ಮಿಗಿಲಾಗಿ ಇದ್ದುದೆಲ್ಲದರ ಪ್ರತಿಯೊಂದನ್ನು ಬೇರೆಡೆ ತೆಗೆದಿಡುವುದು, ಇವು ತಪ್ಪದೆ ನಡೆಯತಕ್ಕ ಕೆಲಸಗಳು. ಇವುಗಳನ್ನು ನಡುರಾತ್ರಿಯಲ್ಲಿ ಮಾಡುವ ಆಳಿನ ಹೆಸರು ಕ್ರಾನ್. ಕಾಲವೆಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದ ಹೆಸರಿದು. ಅಮೆರಿಕದ ಬೆಲ್ ಪ್ರಯೋಗಶಾಲೆಯಿಂದ ೧೯೭೯ರಲ್ಲಿ ಹೊರಬಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿಯೇ ಈ ಆಳು ಇದ್ದನು. ೧೯೮೭ರಲ್ಲಿ ಪಾಲ್ ವಿಕ್ಸಿ ಎಂಬವರು ಇವನನ್ನು ಹೊಸದಾಗಿ ತಿದ್ದಿ ಬರೆದರು.

ಇವನ ಕೆಲಸದ ಕ್ರಮ ಬಹು ಸರಳವಾದುದು. ನಿಮಿಷಕ್ಕೊಮ್ಮೆ ಎಚ್ಚತ್ತು ಪಟ್ಟಿಯನ್ನು ನೋಡುವನು. ಆ ನಿಮಿಷಕ್ಕೆ ಹೇಳಿದ ಕೆಲಸವಿದ್ದರೆ ಮಾಡಿಸುವನು. ಇಲ್ಲವಾದರೆ ಮತ್ತೆ ಮಲಗುವನು. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂದು ನಮ್ಮ ಪಂಚಾಂಗಕ್ಕೆ ಐದು ಅಂಗಗಳಷ್ಟೆ. ಕ್ರಾನನ ಪಟ್ಟಿಗೂ ಅಂಗಗಳು ಐದೇ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಯಾವ ಅಂಗಕ್ಕೆ ನಿರ್ಬಂಧವಿಲ್ಲವೋ ಅಲ್ಲಿ ಒಂದು ನಕ್ಷತ್ರಚಿಹ್ನೆಯನ್ನು ಇಟ್ಟರಾಯಿತು. '೩೦ ೨ * * *' ಎಂದು ಬರೆದರೆ ಪ್ರತಿದಿನವೂ ರಾತ್ರಿ ಎರಡೂವರೆಗೆ ಎಂದರ್ಥ.

ಆದರೆ ಈ ಆಳು ನಮ್ಮ ಮನಸ್ಸನ್ನು ಅರಿಯುವವನಲ್ಲ. ಸಂಕಷ್ಟಿಯು ಮಂಗಳವಾರ ಬಂದರೆ ಮಾತ್ರ ಅಂಗಾರಕ ಸಂಕಷ್ಟಿ ಎಂಬುದನ್ನು ಮಕ್ಕಳೂ ಬಲ್ಲರು. ಕ್ರಾನನಿಗಾದರೋ ೧೩ನೆಯ ತಾರೀಖು ಎಂದೂ ಶುಕ್ರವಾರ ಎಂದೂ ಎರಡನ್ನೂ ಬರೆದುಕೊಟ್ಟರೆ, ಎರಡೂ ಕೂಡಿದ ದಿನಕ್ಕಾಗಿ ಅವನು ಕಾಯುವುದಿಲ್ಲ; ಪ್ರತಿ ೧೩ರಂದೂ ಪ್ರತಿ ಶುಕ್ರವಾರವೂ ಕೆಲಸವನ್ನು ಮಾಡಿಬಿಡುವನು. ಇನ್ನು ಅನೇಕ ಸರ್ವರ್‌ಗಳ ಗಡಿಯಾರವು ವಿಶ್ವಕಾಲವನ್ನು ಅನುಸರಿಸುವುದು. ಅದು ನಮ್ಮ ಕಾಲಕ್ಕಿಂತ ಐದೂವರೆ ಗಂಟೆ ಹಿಂದು. ಅಂತಹ ಕಡೆ ನಮ್ಮ ಬೆಳಗಿನ ಆರು ಗಂಟೆಯ ಕೆಲಸಕ್ಕೆ ಹನ್ನೆರಡೂವರೆ ರಾತ್ರಿ ಎಂದು ಬರೆಯಬೇಕು.

ಇವೆಲ್ಲ ಸಣ್ಣ ತೊಡಕುಗಳು. ದೊಡ್ಡ ಅಪಾಯವು ಬೇರೆಯೇ ಇದೆ. ಗಿಟ್‌ಲ್ಯಾಬ್ ಎಂಬ ಸಂಸ್ಥೆಯು ಗಣಕಕ್ಕೆ ಕ್ರಮವಿಧಿ ಬರೆಯುವವರ ಬರಹಗಳನ್ನು ಕಾಪಾಡುವ ಉದ್ಯೋಗವುಳ್ಳದ್ದು. ೨೦೧೭ನೆಯ ಇಸವಿ ಜನವರಿ ೩೧ರಂದು ಅಲ್ಲಿಯ ಇಂಜಿನಿಯರರೊಬ್ಬರು ಒಂದು ಗಣಕವೆಂದು ಭ್ರಮಿಸಿ ಮತ್ತೊಂದರಲ್ಲಿ ಅಳಿಸುವ ಆಜ್ಞೆಯನ್ನು ಕೊಟ್ಟರು. ಕ್ಷಣಮಾತ್ರದಲ್ಲಿ ಸುಮಾರು ೩೦೦ ಗಿಗಾಬೈಟುಗಳಷ್ಟು ದಾಖಲೆ ಮಾಯವಾಯಿತು. ನಿತ್ಯವೂ ಪ್ರತಿ ತೆಗೆದಿಡಲು ಆಳು ಇದ್ದನಷ್ಟೆ? ಉಗ್ರಾಣವನ್ನು ತೆರೆದು ನೋಡಿದರೆ ಅದು ಬರಿದು! ಭಂಡಾರವು ೯.೬ನೆಯ ಆವೃತ್ತಿಯದು, ಪ್ರತಿ ತೆಗೆಯುವ ಉಪಕರಣವು ೯.೨ನೆಯದು, ಎರಡೂ ಹೊಂದದೆ ಕೆಲಸವು ಪ್ರತಿಸಲವೂ ಕೆಡುತ್ತಿದ್ದಿತು. ಕೆಟ್ಟಿತೆಂದು ತಿಳಿಸುವ ಮಿಂಚಂಚೆಯೇನೋ ಹೊರಡುತ್ತಿದ್ದಿತು. ಆದರೆ ಅದರಲ್ಲಿ ಬೇಕಾದ ಗುರುತಿನ ಮುದ್ರೆಯಿರಲಿಲ್ಲವಾಗಿ, ಮುಟ್ಟಬೇಕಾದ ಕಡೆ ಅದನ್ನು ಒಳಗೆ ಬಿಡಲಿಲ್ಲ. ಆಳು ದುಡಿದನು, ಸೋತನು, ಕೂಗಿಯೂ ಕೂಗಿದನು, ಕೇಳಿದವರಿಲ್ಲ.

ಕೊನೆಗೆ ಕಾಪಾಡಿದ್ದು ಏನು? ಸುಮಾರು ಆರು ಗಂಟೆಗಳ ಮೊದಲು ಬೇರೊಂದು ಕಾರಣಕ್ಕಾಗಿ ಮನುಷ್ಯರೊಬ್ಬರು ಸ್ವಹಸ್ತದಿಂದ ತೆಗೆದಿದ್ದ ಪ್ರತಿ. ಆ ಆರು ಗಂಟೆಗಳಲ್ಲಿ ಸೇರಿಸಿದ್ದುದು ಮಾತ್ರ ತಿರುಗಿ ಬರಲಿಲ್ಲ. ಸಂಸ್ಥೆಯವರು ಈ ವೃತ್ತಾಂತವೆಲ್ಲವನ್ನೂ ಮರೆಮಾಚದೆ ತಾವೇ ಪ್ರಕಟಿಸಿದುದು ಮೆಚ್ಚತಕ್ಕ ಸಂಗತಿ.

ಇದು ದೊಡ್ಡವರ ಕಥೆ, ನಮಗೇಕೆ ಎನ್ನಬೇಡಿರಿ. ಮಗುವಿನ ಮೊದಲ ಹೆಜ್ಜೆ, ಅಗಲಿದ ಅಜ್ಜಿಯ ನಗುಮುಖ, ಇವೆಲ್ಲ ಈಗ ನಮ್ಮ ಫೋನಿನಲ್ಲಿಯೇ ಇವೆ. ಅವುಗಳ ಪ್ರತಿಯು ತಾನಾಗಿಯೇ ಎಲ್ಲಿಯೋ ಭದ್ರವಾಗಿ ಸೇರುತ್ತಿದೆಯೆಂದು ನಂಬಿ ನಿಶ್ಚಿಂತರಾಗಿರುತ್ತೇವೆ. ನಂಬುವುದು ತಪ್ಪಲ್ಲ, ನೋಡದೆ ನಂಬುವುದು ತಪ್ಪು. ಉಪ್ಪಿನಕಾಯಿಯ ಜಾಡಿಯನ್ನು ಗೃಹಿಣಿಯು ಆಗಾಗ ತೆರೆದು ನೋಡುವಂತೆ, ತಿಂಗಳಿಗೊಮ್ಮೆ ಆ ಉಗ್ರಾಣದಿಂದ ಒಂದು ಚಿತ್ರವನ್ನು ಹೊರತೆಗೆದು ನೋಡಿರಿ. ಆಳಿಗೆ ಕೆಲಸವನ್ನು ಒಪ್ಪಿಸಬಹುದು, ಯಜಮಾನಿಕೆಯನ್ನು ಒಪ್ಪಿಸಲಾಗದು.